ಟಾಕೀಸು ಟೀಚರ್ ಉತ್ತರಿಸುತ್ತಾರೆ: ಹೆಸರು ಬೀಳುವಾಗ ಒಳಗಿರಿ

(ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹಿಂದಿ ಕಲಿಸಿ ನಿವೃತ್ತರಾದ ನಮ್ಮ ‘ಟಾಕೀಸು ಟೀಚರ್’ ಈ ಸಲ ಹಿಂದಿ ಸಿನಿಮಾ ಮತ್ತು ಸಿನಿಮಾ ಪತ್ರಿಕೆಗಳ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದಾರೆ. ಮದುವೆ, ಮೊಡವೆ, ಪಿಂಚಣಿ ಕುರಿತ ಪತ್ರಗಳನ್ನು ಆಯಾ ವಿಭಾಗಕ್ಕೆ ದಾಟಿಸಲಾಗಿದೆ. – ಸಂ.)

ನೀರ್ಚಾಲಿನ ಓದುಗರೊಬ್ಬರು: ಟೀಚರೇ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ. ಇಷ್ಟು ಸಾಲದೆಂದು ನಿಮಗೆ ಹಿಂದಿ ಸಿನಿಮಾದ ಮರುಳು ಹಿಡಿದದ್ದು ಹೇಗೆ?

ರೇಡಿಯೋ ಸಿಲೋನಿನಿಂದ. ಬುಧವಾರ ರಾತ್ರಿ ಎಂಟಕ್ಕೆ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ. ನಮ್ಮ ಅಪ್ಪನಿಗೆ ಯಕ್ಷಗಾನದ ಪದ ಬಿಟ್ಟರೆ ಉಳಿದದ್ದು ಹಾಡೇ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಲ್ಲವೇ, ಅಷ್ಟು ಜಂಬ ಇರಲೇಬೇಕು. ಆದರೂ ನಿರೂಪಕ ಅಮೀನ್ ಸಯಾನಿ ‘ಬಹನೋ ಔರ್ ಭಾಯಿಯೋ’ ಎಂದ ಕೂಡಲೇ ಅಪ್ಪ ಕೈಯಾರೆ ಶಬ್ದ ಹೆಚ್ಚಿಸುತ್ತಿದ್ದರು. ‘ಹಾಡು ಹಾಳಾಗಲಿ, ಈ ಮನುಷ್ಯ ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯ ಹಾಗೆ ಮಾತಾಡುತ್ತಾನೆ’ ಎಂಬುದು ಅವರ ತೀರ್ಪು. ನಾನು ಮಾತನ್ನೂ ಹಾಡನ್ನೂ ಎರಡನ್ನೂ ನುಂಗಿದೆ.

ಮುಂದೆ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಪ್ರಾಥಮಿಕದಿಂದ ಪ್ರವೀಣದವರೆಗೆ ಕಟ್ಟಿದೆ. ಆ ಪುಸ್ತಕದ ಹಿಂದಿಯಲ್ಲಿ ರಜೆ ಅರ್ಜಿ ಬರೆಯಬಹುದು, ಸಾಹಿರ್ ಲುಧಿಯಾನ್ವಿಯ ಉರ್ದು ತುಂಬಿದ ಹಾಡು ಬಿಡಿಸಲಾಗದು. ಅದಕ್ಕೆ ನೆರವಾದವರು ಉಪ್ಪಳದಿಂದ ಬರುತ್ತಿದ್ದ ಸಹೋದ್ಯೋಗಿ ಟೀಚರ್. ಉಪ್ಪಳದ ಬಹಳಷ್ಟು ಮನೆಗಳಲ್ಲಿ ಉರ್ದುವೇ ಮನೆಮಾತು ಎಂಬುದು ನಮ್ಮ ಜಿಲ್ಲೆಯವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಅವರು ಸಾಹಿರ್ ಬರೆದ ‘ಪ್ಯಾಸಾ’ ಚಿತ್ರದ ಹಾಡಿನ ಸಾಲುಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ಪ್ರವೀಣದ ಸರ್ಟಿಫಿಕೇಟು ಕಪಾಟಿನಲ್ಲಿದೆ, ಆ ಬುತ್ತಿಯ ಪಾಠ ಇನ್ನೂ ನಾಲಗೆಯ ಮೇಲಿದೆ.

ಬದಿಯಡ್ಕದಿಂದ ‘ಕನ್ನಡ ಅಭಿಮಾನಿ’: ಗಡಿನಾಡಿನ ಕನ್ನಡಿಗರು ದಿನ ಬೆಳಗಾದರೆ ಭಾಷೆಗಾಗಿ ಹೋರಾಡುತ್ತಿರುವಾಗ ತಾವು ಹಿಂದಿಯ ಪ್ರಚಾರ ಮಾಡುವುದು ಸರಿಯೇ?

1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದಾಗ ಹುಟ್ಟಿದ ಅರ್ಜಿಗಳು ಇನ್ನೂ ಮುಗಿದಿಲ್ಲ. ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೇಕು ಎಂಬ ಮನವಿಗಳಿಗೆ ನಾನೂ ಸಹಿ ಹಾಕಿದ್ದೇನೆ, ಬಿಸಿಲಲ್ಲಿ ಧರಣಿಯೂ ಕೂತಿದ್ದೇನೆ. ಹೇರಿದ ಭಾಷೆ ಬೇರೆ, ಟಿಕೆಟು ಕೊಂಡು ಕೇಳಿದ ಭಾಷೆ ಬೇರೆ. ನಟಿ ನೂತನ್ ನನ್ನ ಮೇಲೆ ಏನನ್ನೂ ಹೇರಿಲ್ಲ. ಅಂದ ಹಾಗೆ, 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಲತಾ ಮಂಗೇಶ್ಕರ್ ‘ಬೆಳ್ಳನೆ ಬೆಳಗಾಯಿತು’ ಹಾಡಿದ್ದಾರೆ, ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಮೊಹಮ್ಮದ್ ರಫಿ ‘ನೀನೆಲ್ಲಿ ನಡೆವೆ ದೂರ’ ಹಾಡಿದ್ದಾರೆ. ಬಂದ ಅತಿಥಿಗೆ ನಾವು ಬಾಗಿಲು ಹಾಕಿರಲಿಲ್ಲ.

ಉಪ್ಪಳದ ಓದುಗ: ನೀವು ಕಂಡ ಸಿನಿಮಾ ಪತ್ರಿಕೆಗಳಲ್ಲಿ ಯಾವುದು ಶ್ರೇಷ್ಠ? ಒಂದೇ ಹೆಸರು ಹೇಳಬೇಕು, ಜಾರಿಕೊಳ್ಳಬಾರದು.

ಒಂದೇ ಹೆಸರು ಹೇಳುತ್ತೇನೆ, ಆದರೆ ಸುತ್ತು ಹಾಕಿ.

ನನ್ನ ಸೋದರಮಾವ ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಬರುವಾಗ ಉಳಿದವರು ಸೀರೆ, ಸ್ಟೀಲು ಪಾತ್ರೆ ತಂದರೆ ಇವರು ರದ್ದಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಸಿನಿಮಾ ಪತ್ರಿಕೆಗಳ ಕಟ್ಟು ತರುತ್ತಿದ್ದರು. ಅತ್ತೆಯ ಮುಖ ನೋಡಬೇಕಿತ್ತು. ಆ ಕಟ್ಟಿನಲ್ಲಿ ನನಗೆ ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಸಿಕ್ಕಿತು. 1935ರಲ್ಲಿ ಶುರುವಾದ ಇಂಗ್ಲಿಷ್ ಮಾಸಿಕ. ಪಟೇಲರ ಲೇಖನಿಗೆ ಸಿಕ್ಕವರು ಉಳಿಯುತ್ತಿರಲಿಲ್ಲ. ಒಂದು ಚಿತ್ರ ಅವರಿಗೆ ಹಿಡಿಸದಿದ್ದರೆ ನಿರ್ದೇಶಕನಿಂದ ಹಿಡಿದು ನಾಯಕಿಯ ಸೊಂಟದ ಸುತ್ತಳತೆಯವರೆಗೆ ಯಾರಿಗೂ ರಿಯಾಯಿತಿ ಇಲ್ಲ. ಆ ಒರಟುತನ, ಹೆಂಗಸರ ಬಗ್ಗೆ ಆಡಿದ ಮಾತು, ಇವನ್ನು ಇವತ್ತು ಓದುವಾಗ ಹಲವು ಕಡೆ ಪುಟ ಮಗುಚುವ ಹಾಗಾಗುತ್ತದೆ. ಆದರೆ ಓದುಗರ ಪ್ರಶ್ನೆಗೆ ಅವರು ಕೊಡುತ್ತಿದ್ದ ಉತ್ತರಕ್ಕಾಗಿಯೇ ಜನ ಪತ್ರಿಕೆ ಕೊಳ್ಳುತ್ತಿದ್ದರು. ಈ ಅಂಕಣ ಬರೆಯುವ ನಾನೂ ಆ ಗರಡಿಯವಳೇ, ನಾಲಗೆಗೆ ಸ್ವಲ್ಪ ಬೆಲ್ಲ ಸವರಿಕೊಂಡಿದ್ದೇನೆ, ಅಷ್ಟೆ. ಇನ್ನೊಬ್ಬರ ಸಿನಿಮಾವನ್ನು ಅಷ್ಟು ಬೈದ ಈ ಪಟೇಲರು ತಮ್ಮ ಪತ್ನಿ ಸುಶೀಲಾರಾಣಿಯವರನ್ನು ನಾಯಕಿ ಮಾಡಿ 1944ರಲ್ಲಿ ‘ದ್ರೌಪದಿ’, 1946ರಲ್ಲಿ ‘ಗ್ವಾಲನ್’ ತೆಗೆದರು. ಎರಡೂ ನೆಲಕಚ್ಚಿದವು. ಸುಶೀಲಾರಾಣಿ ಮಾತ್ರ ಮೋಗುಬಾಯಿ ಕುರ್ಡೀಕರರಲ್ಲಿ ಸಂಗೀತ ಕಲಿತ ದೊಡ್ಡ ಗಾಯಕಿ. ಪತ್ರಿಕೆಯ ಕೆಲಸದಲ್ಲಿಯೂ ಗಂಡನಿಗೆ ಹೆಗಲು ಕೊಟ್ಟವರು. ಹೊಗಳಿಕೆಯೂ ಬೈಗುಳವೂ ಪಟೇಲರ ಪಾಲಿಗೆ ಹೋಯಿತು, ಸುಶೀಲಾರಾಣಿಯವರ ಹೆಸರು ಅಡಿಟಿಪ್ಪಣಿಗೆ ಇಳಿಯಿತು.

ಇನ್ನೊಂದು ಹೆಸರೂ ಹಾಗೆಯೇ. ‘ಫಿಲ್ಮ್‌ಇಂಡಿಯಾ’ದ ಮುಖಪುಟಗಳ ವರ್ಣಚಿತ್ರ ನೋಡಿದವರು ಬಣ್ಣ ಮರೆಯಲಾರರು. ಅವನ್ನು ಬರೆದವರಲ್ಲಿ ಒಬ್ಬರು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು. ಮಾವ ತಂದ ಒಂದು ಸಂಚಿಕೆಯ ಒಳಪುಟಗಳನ್ನೆಲ್ಲ ಒರಲೆ ತಿಂದಿತ್ತು, ಮುಖಪುಟವನ್ನು ಕತ್ತರಿಸಿ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೆ. ನಾಯಕಿಯ ಕೆನ್ನೆಗೆ ಬಿದ್ದ ಕೆಂಪು, ದೀಪದ ಬೆಳಕೋ ನಾಚಿಕೆಯೋ ಎಂದು ಗೊತ್ತಾಗದ ಹಾಗಿತ್ತು.

ಈಗ ಉತ್ತರ: ‘ಮಾಧುರಿ’. ಟೈಮ್ಸ್ ಬಳಗದವರು 1964ರಲ್ಲಿ ಹೊರಡಿಸಿದ ಹಿಂದಿ ಪತ್ರಿಕೆ, ಸಂಪಾದಕರು ಅರವಿಂದ ಕುಮಾರ್. ತಾರೆಯರ ಚಿತ್ರ ಬೇಕಷ್ಟು ಇತ್ತು, ಆದರೆ ಗೀತಕಾರ, ಛಾಯಾಗ್ರಾಹಕ, ಹೊಸ ಅಲೆಯ ನಿರ್ದೇಶಕ ಇವರೆಲ್ಲರಿಗೂ ಅದರಲ್ಲಿ ಜಾಗವಿತ್ತು. ಭಾಷೆಯಂತೂ ನನ್ನ ಪಠ್ಯಪುಸ್ತಕಕ್ಕಿಂತ ಎಷ್ಟೋ ಜೀವಂತ. ನಾನು ಎಂಟನೆಯ ತರಗತಿಗೆ ಪಾಠ ಮಾಡುವಾಗ ಅದರ ವಾಕ್ಯಗಳನ್ನು ಕದ್ದು ಬೋರ್ಡಿನ ಮೇಲೆ ಬರೆದದ್ದುಂಟು. ಅರವಿಂದ ಕುಮಾರ್ 1978ರಲ್ಲಿ ಆ ಕುರ್ಚಿ ಬಿಟ್ಟು ಹೋದರು. ಎಲ್ಲಿಗೆ? ಹಿಂದಿಗೊಂದು ಸಮಾನಾರ್ಥಕ ಕೋಶ ಕಟ್ಟಲು. ಹೆಂಡತಿ ಕುಸುಮ್ ಜೊತೆ ಕೂತು ಕಾರ್ಡುಗಳ ಮೇಲೆ ಶಬ್ದ ಕೂಡಿಸಿ 1996ರಲ್ಲಿ ‘ಸಮಾಂತರ ಕೋಶ’ ಹೊರತಂದರು. ತಾರೆಯರ ಪಾರ್ಟಿ ಬಿಟ್ಟು ಶಬ್ದ ಹೆಕ್ಕಲು ಹೋದ ಸಂಪಾದಕನ ಪತ್ರಿಕೆಯನ್ನು ಹಿಂದಿ ಟೀಚರೊಬ್ಬಳು ಶ್ರೇಷ್ಠ ಎನ್ನದೆ ಇನ್ನೇನು ಹೇಳುತ್ತಾಳೆ?

ಪೆರ್ಲದ ಕಾಲೇಜು ವಿದ್ಯಾರ್ಥಿನಿ: ಟೀಚರ್, ಗಾಸಿಪ್ ಓದುವುದು ತಪ್ಪೇ? ನಿಜ ಹೇಳಿ, ನೀವು ಓದುತ್ತಿರಲಿಲ್ಲವೇ?

ಓದುತ್ತಿದ್ದೆ ಮಗಳೇ, ಹಿಂದಿ ವ್ಯಾಕರಣದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ. ‘ಸ್ಟಾರ್‌ಡಸ್ಟ್’ 1971ರಲ್ಲಿ ಬಂತು. ಮಾಲೀಕರು ನಾರಿ ಹೀರಾ, ಸಂಪಾದಕಿ ಮುಂದೆ ಶೋಭಾ ಡೇ ಎಂದು ಹೆಸರಾದ ಹುಡುಗಿ. ರಾಜೇಶ್ ಖನ್ನಾ ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂದು ಕೇಳುತ್ತಲೇ ಮೊದಲ ಸಂಚಿಕೆ ಹೊರಬಿತ್ತು. ಅದಕ್ಕೂ ಮೊದಲು ಪತ್ರಿಕೆಗಳು ತಾರೆಯರನ್ನು ದೇವರ ಪಟದ ಹಾಗೆ ಅಚ್ಚು ಹಾಕುತ್ತಿದ್ದವು. ಇಂಗ್ಲಿಷಿನೊಳಗೆ ಬಾಜಾರಿನ ಹಿಂದಿ ಬೆರೆಸಿ, ಆ ದೇವರುಗಳಿಗೂ ಹೊಟ್ಟೆಕಿಚ್ಚು, ಸಾಲ, ಸವತಿ ಮತ್ಸರ ಉಂಟು ಎಂದು ಹೇಳಿದವರು ಇವರು. ಓದಲು ಖುಷಿಯೇ.

ನನ್ನ ತಕರಾರು ಬೇರೆ. ಗಾಸಿಪ್ ಪತ್ರಿಕೆ ಯಾರು ಯಾರೊಂದಿಗೆ ಊಟಕ್ಕೆ ಹೋದರು ಎಂದು ಹೇಳುತ್ತದೆ, ಆ ಹಾಡಿಗೆ ಪಿಟೀಲು ಬಾರಿಸಿದವರು ಯಾರು ಎಂದು ಹೇಳುವುದಿಲ್ಲ. ಎಪ್ಪತ್ತರ ದಶಕದ ನಡುವಿನಿಂದ ಅಮಿತಾಭ್ ಬಚ್ಚನ್ ಮತ್ತು ಸಿನಿಮಾ ಪತ್ರಿಕೆಗಳ ನಡುವೆ ಬಹಿಷ್ಕಾರವೇ ನಡೆಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಪತ್ರಿಕೆಗಳ ಬಾಯಿ ಕಟ್ಟಿಸಿದವರಲ್ಲಿ ಬಚ್ಚನ್ನರೂ ಒಬ್ಬರು ಎಂಬ ಗುಮಾನಿ ಪತ್ರಕರ್ತರದು, ಅಲ್ಲವೆಂದು ಬಚ್ಚನ್ನರ ವಾದ. ವರ್ಷಗಟ್ಟಲೆ ಅವರು ಮಾತಾಡಲಿಲ್ಲ, ಪತ್ರಿಕೆಯವರು ಬರೆಯಲಿಲ್ಲ. ಅದೇ ವರ್ಷಗಳಲ್ಲಿ ಅವರ ಚಿತ್ರಕ್ಕೆ ಮಂಗಳೂರಿನಲ್ಲಿ ಬ್ಲ್ಯಾಕಿನಲ್ಲಿ ಟಿಕೆಟು ಕೊಂಡು ನೋಡಿದ್ದೇವೆ. ಪತ್ರಿಕೆ ಇಲ್ಲದೆ ತಾರೆ ಬದುಕುತ್ತಾನೆ ಎಂದು ಆಗಲೇ ಗೊತ್ತಾಯಿತು. ಇವತ್ತು ವಿಮಾನ ನಿಲ್ದಾಣದಲ್ಲಿ ತೆಗೆದ ಪಟವನ್ನೇ ಸುದ್ದಿ ಎಂದು ಮೊಬೈಲಿನಲ್ಲಿ ತಳ್ಳುವವರನ್ನು ಕಂಡರೆ ‘ಸ್ಟಾರ್‌ಡಸ್ಟ್’ ಎಷ್ಟೋ ವಾಸಿ. ಅದರವರು ಕಷ್ಟಪಟ್ಟಾದರೂ ಕದ್ದು ಕೇಳುತ್ತಿದ್ದರು.

ಹೊಸಂಗಡಿಯಿಂದ: ಹಳೆಯ ಹಿಂದಿ ಚಿತ್ರಗಳಲ್ಲಿ ಬರುವ ಬೋಳುತಲೆಯ ದಾಂಡಿಗ ನಮ್ಮ ಕಡೆಯವನಂತೆ, ಹೌದೇ?

ಹೌದು, ಎಂ.ಬಿ. ಶೆಟ್ಟಿ. ಮಂಗಳೂರು ಕಡೆಯವರು. ಪೆಟ್ಟು ತಿನ್ನುವುದು ಮಾತ್ರವಲ್ಲ, ಪೆಟ್ಟು ಹೇಗೆ ಬೀಳಬೇಕೆಂದು ಹೇಳಿಕೊಟ್ಟ ಫೈಟ್ ಮಾಸ್ಟರ್ ಅವರೇ. ಇಂದಿನ ನಿರ್ದೇಶಕ ರೋಹಿತ್ ಶೆಟ್ಟಿ ಅವರ ಮಗ. ಮಗನ ಚಿತ್ರಗಳಲ್ಲಿ ಹಾರುವ ಕಾರುಗಳ ಮೂಲ ಎಲ್ಲಿದೆ ತಿಳಿಯಿತಲ್ಲ.

ಡೊಂಬಿವಲಿಯ ಓದುಗರು: ಗುರುದತ್ತ್ ಬಂಗಾಳಿಯೋ ಕನ್ನಡಿಗನೋ? ಇಲ್ಲಿ ನಮ್ಮ ಕನ್ನಡ ಸಂಘದಲ್ಲಿ ದೊಡ್ಡ ಜಗಳವೇ ಆಗಿದೆ.

ಜಗಳ ನಿಲ್ಲಿಸಿ ಚಹಾ ಕುಡಿಯಿರಿ. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಪಡುಕೋಣೆ ಮನೆತನ, ಕೊಂಕಣಿ ಮಾತಾಡುವ ಚಿತ್ರಾಪುರ ಸಾರಸ್ವತರು. ಬಾಲ್ಯ ಕಳೆದದ್ದು ಕೋಲ್ಕತ್ತದಲ್ಲಿ. ಹೆಸರಿನಲ್ಲಿ ‘ದತ್ತ್’ ಇದ್ದ ಕಾರಣ ಉತ್ತರದವರು ಬಂಗಾಳಿ ಎಂದುಕೊಂಡರು, ಅವರೂ ತಿದ್ದಲು ಹೋಗಲಿಲ್ಲ. ತಾಯಿ ವಾಸಂತಿ ಪಡುಕೋಣೆಯವರು ಮಗನ ಬಗ್ಗೆ ಕನ್ನಡದಲ್ಲಿಯೇ ಪುಸ್ತಕ ಬರೆದಿದ್ದಾರೆ. ನಿಮ್ಮ ಸಂಘದ ಕಪಾಟಿನಲ್ಲಿ ಅದಿಲ್ಲದಿದ್ದರೆ ಮೊದಲು ಅದನ್ನು ತರಿಸಿ, ಆಮೇಲೆ ಜಗಳ.

ಆದರೆ ಕನ್ನಡದ ಹೆಮ್ಮೆಗೆ ನೀವು ತಪ್ಪು ಮನುಷ್ಯನನ್ನು ಹಿಡಿದುಕೊಂಡಿದ್ದೀರಿ. ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟವರು ಮೈಸೂರಿನ ವಿ.ಕೆ. ಮೂರ್ತಿ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ, ಕ್ಯಾಮರಾ ಅವರದು. ಗೀತಾದತ್ತ್ ಹಾಡಿದ ‘ವಕ್ತ್ ನೇ ಕಿಯಾ’ ನೋಡಿ, ಕೇಳಿದರೆ ಸಾಲದು. ಖಾಲಿ ಸ್ಟುಡಿಯೋ. ಮೇಲಿನಿಂದ ಬೆಳಕಿನ ಕಂಬವೊಂದು ಓರೆಯಾಗಿ ನೆಲಕ್ಕೆ ಇಳಿದಿದೆ, ಅದರೊಳಗೆ ಧೂಳಿನ ಕಣಗಳು ತೇಲುತ್ತಿವೆ. ನಾಯಕಿ ವಹೀದಾ ಒಂದು ಕಡೆ, ಗುರುದತ್ತ್ ಇನ್ನೊಂದು ಕಡೆ, ಇಬ್ಬರೂ ನಿಂತಲ್ಲೇ. ಅವರೊಳಗಿನ ಜೀವ ಮಾತ್ರ ಎದ್ದು ಆ ಬೆಳಕಿನಲ್ಲಿ ಹತ್ತಿರವಾಗುತ್ತದೆ. ಸ್ಟುಡಿಯೋ ದೀಪಗಳಿಂದ ಅಂಥ ಕಿರಣ ಬರಲಿಲ್ಲವೆಂದು ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿದರು. ನಮ್ಮ ಹಂಚಿನ ಮನೆಗಳಲ್ಲಿ ಗಾಜಿನ ಹಂಚಿನಿಂದ ಬೆಳಕಿನ ಕೋಲು ಇಳಿಯುವುದನ್ನು ದಿನವೂ ಕಂಡ ನನಗೇ ಅದು ಹೊಸದಾಗಿ ಕಂಡಿತು.

ಚಿತ್ರ ಸೋತಿತು. ಆಮೇಲೆ ಗುರುದತ್ತ್ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಅಬ್ರಾರ್ ಅಲ್ವಿ ಹೆಸರು ಇದೆ. 1964ರ ಅಕ್ಟೋಬರಿನಲ್ಲಿ ಗುರುದತ್ತ್ ತೀರಿಕೊಂಡರು, ಇನ್ನೂ ನಲವತ್ತು ತುಂಬಿರಲಿಲ್ಲ. ಮೂರ್ತಿಯವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಆ ಸುದ್ದಿ ಬಂದ ದಿನ ನಾನು ಶಾಲೆಯಲ್ಲಿ ಪಾಯಸ ಹಂಚಿದೆ. ಯಾರಿಗಾಗಿ ಎಂದು ಹೆಡ್‌ಮಾಸ್ತರರಿಗೆ ಅರ್ಥವಾಗಲಿಲ್ಲ, ಎರಡು ಲೋಟ ಕುಡಿದರು.

ಮಂಗಳೂರಿನಿಂದ: ‘ಶೋಲೆ’ಗೆ ಐವತ್ತು ತುಂಬಿತು. ಅದಕ್ಕೆ ಒಟ್ಟು ಎಷ್ಟು ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತ್ತು?

ಒಂದು. ಸಂಕಲನಕ್ಕೆ, ಎಂ.ಎಸ್. ಶಿಂಧೆ ಅವರಿಗೆ. ಆ ವರ್ಷದ ಉತ್ತಮ ಚಿತ್ರ ‘ದೀವಾರ್’. ಉತ್ತಮ ನಟ ಸಂಜೀವ್ ಕುಮಾರ್, ಆದರೆ ಠಾಕೂರನ ಪಾತ್ರಕ್ಕಲ್ಲ, ‘ಆಂಧಿ’ಗೆ. ಎಲ್ಲರೂ ಇದನ್ನು ಅನ್ಯಾಯ ಎನ್ನುತ್ತಾರೆ. ನಾನು ಅನ್ನುವುದಿಲ್ಲ. ಕೊಡುವುದು ಒಂದೇ ಆದರೆ ಶಿಂಧೆಯವರಿಗೇ ಕೊಡಬೇಕಿತ್ತು, ಕೊಟ್ಟರು.

ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯ ನೆನಪಿಸಿಕೊಳ್ಳಿ. ಜೋಕಾಲಿಯ ಕಿರ್‌ಗುಟ್ಟುವಿಕೆ. ಗುಂಡು ಬಿದ್ದವರೊಬ್ಬೊಬ್ಬರೂ ಬೀಳುವ ಮೊದಲೇ ಚಿತ್ರ ನಿಂತುಬಿಡುತ್ತದೆ. ಕೊನೆಗೆ ಮಗುವಿನೆದುರು ಗಬ್ಬರ್ ಕೋವಿ ಎತ್ತುತ್ತಾನೆ. ಮಗು ಸಾಯುವುದು ಕಾಣುವುದಿಲ್ಲ, ಅಷ್ಟರಲ್ಲಿ ರೈಲು ಬಂದಿರುತ್ತದೆ, ಮನೆಗೆ ಹೊರಟ ಠಾಕೂರ ಅದರಿಂದ ಇಳಿಯುತ್ತಾನೆ. ಮಂಗಳೂರಿನ ಟಾಕೀಸಿನಲ್ಲಿ ಮೊದಲ ಸಲ ನೋಡಿದಾಗ ನನ್ನ ಪಕ್ಕದ ಹೆಂಗಸು ಮಗುವಿನ ರಕ್ತ ಕಂಡೆ ಎಂದೇ ಹೇಳುತ್ತಿದ್ದಳು. ಕಾಣದ್ದನ್ನು ಕಾಣಿಸುವುದೇ ಕತ್ತರಿಯ ಕೆಲಸ.

ಇನ್ನೊಂದು ಸಂಗತಿ. ನಾವೆಲ್ಲ ನೋಡಿದ ಅಂತ್ಯದಲ್ಲಿ ಪೊಲೀಸರು ಬಂದು ಗಬ್ಬರನನ್ನು ಹಿಡಿಯುತ್ತಾರೆ. ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಹಾಗಲ್ಲ, ಠಾಕೂರನೇ ಅವನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ಕಾಲದ ಸೆನ್ಸಾರಿನವರು ಒಪ್ಪಲಿಲ್ಲ, ಅಂತ್ಯವನ್ನು ಮತ್ತೆ ಚಿತ್ರಿಸಬೇಕಾಯಿತು. ಮೂಲ ಅಂತ್ಯವಿರುವ ಪ್ರತಿಯನ್ನು ಸರಿಪಡಿಸಿ 2025ರ ಜೂನಿನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ರಾಮನಗರದ ಬಂಡೆಯಲ್ಲಿ ತೆಗೆದ ಅಂತ್ಯ ಇಟಲಿಗೆ ಹೋಗಿ ಬೆಳಕು ಕಂಡಿತು.

ಮುಳ್ಳೇರಿಯದ ನಿವೃತ್ತ ಗುಮಾಸ್ತರು: ಪ್ರಶಸ್ತಿಗಳನ್ನು ನಂಬಬಹುದೇ?

ಪ್ರಾಣ್ ಅವರನ್ನು ನಂಬಬಹುದು. ‘ಬೇಇಮಾನ್’ ಚಿತ್ರಕ್ಕಾಗಿ ಅವರಿಗೆ ಉತ್ತಮ ಪೋಷಕ ನಟ ಪ್ರಶಸ್ತಿ ಬಂತು, ಅದೇ ಚಿತ್ರದ ಸಂಗೀತಕ್ಕೆ ಶಂಕರ್-ಜೈಕಿಶನ್‌ಗೂ ಬಂತು. ಸಂಗೀತದ ಪ್ರಶಸ್ತಿ ‘ಪಾಕೀಜಾ’ದ ಗುಲಾಮ್ ಮೊಹಮ್ಮದರಿಗೆ ಸಲ್ಲಬೇಕಿತ್ತು ಎಂದು ಪ್ರಾಣ್ ತಮ್ಮ ಪ್ರಶಸ್ತಿಯನ್ನೇ ಬೇಡವೆಂದರು. ಗುಲಾಮ್ ಮೊಹಮ್ಮದ್ ಆಗ ಬದುಕಿರಲೂ ಇಲ್ಲ, 1968ರಲ್ಲಿಯೇ ತೀರಿಕೊಂಡಿದ್ದರು. ಸತ್ತವರಿಂದ ಯಾವ ಉಪಕಾರವೂ ವಾಪಸು ಬರುವುದಿಲ್ಲ. ಪರದೆಯ ಮೇಲೆ ವರ್ಷಗಟ್ಟಲೆ ಕೇಡಿಗನಾಗಿದ್ದವರು ಮಾಡಿದ ಕೆಲಸ ಇದು.

ಕಾಞಂಗಾಡಿನ ಓದುಗಿ: ಬೇಕಲ ಕೋಟೆಗೆ ಬರುವ ಪ್ರವಾಸಿಗಳು ‘ತೂ ಹೀ ರೇ’ ಎಲ್ಲಿ ತೆಗೆದದ್ದು ಎಂದೇ ಕೇಳುತ್ತಾರೆ. ನಿಮಗೆ ಆ ಹಾಡು ಇಷ್ಟವೇ?

ಇಷ್ಟವಾಗದೆ ಏನು? 1995ರಲ್ಲಿ ಮಣಿರತ್ನಂ ಅವರ ‘ಬಾಂಬೆ’ ಬಂದಾಗ ನಮ್ಮ ಜಿಲ್ಲೆ ಮೊದಲ ಬಾರಿಗೆ ದೊಡ್ಡ ಪರದೆಯಲ್ಲಿ ಅಷ್ಟು ಚೆಂದವಾಗಿ ಕಂಡಿತು. ಮೂಲ ತಮಿಳು, ನಾವು ಹಿಂದಿಯಲ್ಲಿ ನೋಡಿದೆವು. ಹರಿಹರನ್ ಎರಡರಲ್ಲೂ ಹಾಡಿದ್ದಾರೆ, ಜೊತೆದನಿ ತಮಿಳಿನಲ್ಲಿ ಚಿತ್ರಾ, ಹಿಂದಿಯಲ್ಲಿ ಕವಿತಾ ಕೃಷ್ಣಮೂರ್ತಿ. ಕ್ಯಾಮರಾ ರಾಜೀವ್ ಮೆನನ್. ಕೆಂಪು ಮುರಕಲ್ಲು ಮಳೆಗೆ ನೆನೆದಾಗ ಬರುವ ಆ ಕಪ್ಪುಗೆಂಪು ಬಣ್ಣವನ್ನು ಅವರು ಹಿಡಿದಿದ್ದಾರೆ. ನಮ್ಮ ಆಟಿ ತಿಂಗಳ ಗೋಡೆಗಳ ಬಣ್ಣ ಅದು.

ಪ್ರವಾಸಿಗಳಿಗೆ ಹಾಡಿನ ಜಾಗ ತೋರಿಸುವಾಗ ಒಂದು ಹೆಸರು ಸೇರಿಸಿ ಹೇಳಿ. ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಅವನೇ ಈ ಸೆಟ್ಟಿನ ಕಲಾನಿರ್ದೇಶಕ, ಟೈಟಲ್ ಕಾರ್ಡಿನಲ್ಲಿ ಬಿಟ್ಟುಹೋಗಿದೆ.

ಕುಂಬಳೆಯ ಹಳೆ ವಿದ್ಯಾರ್ಥಿ: ಟೀಚರ್, ಸಿನಿಮಾಕ್ಕೆ ತಡವಾಗಿ ಹೋದರೆ ನೀವು ಈಗಲೂ ಬೈಯುತ್ತೀರಾ?

ಬೈಯುತ್ತೇನೆ. ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋಗಿ ಜ್ಯೋತಿಯಲ್ಲೋ ಪ್ಲಾಟಿನಂನಲ್ಲೋ ಮ್ಯಾಟಿನಿ ನೋಡಿ ಸಂಜೆಯ ರೈಲಿಗೆ ಮರಳುವುದು ನಮ್ಮ ಪದ್ಧತಿ. ರೈಲು ತಡವಾದರೆ ಸ್ಟೇಷನ್ನಿನಿಂದ ಓಡುತ್ತಿದ್ದೆವು, ಹೆಸರು ಬೀಳುವ ಮುಂಚೆ ಒಳಗೆ ಸೇರಬೇಕೆಂದು. ಜೊತೆಗಿದ್ದವರಿಗೆ ನಾಯಕನ ಹೆಸರು ಬಂದಾಗ ಶಿಳ್ಳೆ ಹೊಡೆಯುವ ಆಸೆ. ನನ್ನ ಆಸೆ ಕೊನೆಯ ಸಾಲುಗಳದು: ಧ್ವನಿ ಯಾರು, ಉಡುಪು ಯಾರು, ಸಹಾಯಕ ಕ್ಯಾಮರಾ ಯಾರು. ಒಂದು ಬರಿ ಪುಸ್ತಕದಲ್ಲಿ ಕತ್ತಲಲ್ಲೇ ಗೀಚುತ್ತಿದ್ದೆ, ಸಾಲಿನ ಮೇಲೆ ಸಾಲು ಬಿದ್ದು ಮನೆಗೆ ಬಂದ ಮೇಲೆ ನನಗೇ ಓದಲು ಬರುತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ಸಿನಿಮಾ ನೋಡುವವರಿಗೆ ಹೆಸರು ದಾಟಿಸಲು ಗುಂಡಿಯನ್ನೇ ಕೊಟ್ಟಿದ್ದಾರೆ. ಅದನ್ನು ಒತ್ತುವ ಮಗುವಿಗೆ ನಮ್ಮ ಮನೆಯಲ್ಲಿ ಹಪ್ಪಳ ಇಲ್ಲ.

ಮಂಜೇಶ್ವರದಿಂದ: ನಿಮ್ಮ ನೆಚ್ಚಿನ ನಟಿ? ಒಂದೇ ಮಾತಿನಲ್ಲಿ.

ನೂತನ್. ಒಂದೇ ಮಾತಿಗೆ ಇನ್ನೆರಡು ಸೇರಿಸುತ್ತೇನೆ: 1963ರ ‘ಬಂದಿನಿ’ಯಲ್ಲಿ ವಿಷ ಬೆರೆಸುವ ಮುಂಚಿನ ಗಳಿಗೆ. ಹೊರಗೆ ಕಬ್ಬಿಣ ಬಡಿಯುವ ಸದ್ದು, ಬೆಸುಗೆಯ ಬೆಳಕು ಆಕೆಯ ಮುಖದ ಮೇಲೆ ಹತ್ತಿ ಆರುತ್ತದೆ. ಬಾಯಲ್ಲಿ ಒಂದು ಮಾತಿಲ್ಲ, ನಿರ್ಧಾರ ಮುಖದ ಮೇಲೆಯೇ ಆಗುತ್ತದೆ. ಬಿಮಲ್ ರಾಯ್ ಸಂಭಾಷಣೆಯ ಖರ್ಚು ಉಳಿಸಿದರು.

ಬೋವಿಕ್ಕಾನದ ಗೃಹಿಣಿ: ಮಾವನವರ ಪೆಟ್ಟಿಗೆಯಲ್ಲಿ ಹಳೆಯ ‘ಮಾಧುರಿ’, ‘ಫಿಲ್ಮ್‌ಫೇರ್’ ಒಂದು ಕಟ್ಟು ಸಿಕ್ಕಿದೆ. ಬೂಷ್ಟು ಹಿಡಿದಿದೆ. ಗುಜರಿಗೆ ಕೊಡಲೇ?

ಅಯ್ಯೋ, ನಿಲ್ಲಿ! ಮೊದಲು ಬಿಸಿಲಿಗೆ ಹಾಕಬೇಡಿ, ಕಾಗದ ಗರಿಗರಿಯಾಗಿ ಮುರಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಪುಟ ಬಿಡಿಸಿ ಹರವಿ. ಒಣಗಿದ ಮೇಲೆ ಮೆತ್ತಗಿನ ಬ್ರಶ್ಶಿನಿಂದ ಬೂಷ್ಟು ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ, ಹಿಂದಿನಿಂದ ಕಾಲು ನೆಟ್ಟಗೆ ಮಾಡಿ ಮೆಲ್ಲಗೆ ತೆಗೆದು ದಾರದಿಂದ ಹೊಲಿಯಿರಿ. ಲ್ಯಾಮಿನೇಶನ್ ಮಾಡಿಸಲು ಯಾರಾದರೂ ಹೇಳಿದರೆ ಅವರನ್ನು ಮನೆಯೊಳಗೆ ಸೇರಿಸಬೇಡಿ. ಒಣ ಬೇವಿನ ಎಲೆ ಇಟ್ಟು ನೆಲಕ್ಕೆ ತಾಗದ ಕಪಾಟಿನಲ್ಲಿಡಿ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಗಾಳಿಗೆ ಹರವಿ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲವೆಂದಾದರೆ ಗುಜರಿಯವನು ಕಿಲೋಗೆ ಎಷ್ಟು ಹೇಳಿದ್ದಾನೆ ಎಂದು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುತ್ತೇನೆ. ತಕ್ಕಡಿ ನಾನೇ ತರುತ್ತೇನೆ, ಬಸ್ ಚಾರ್ಜೂ ನನ್ನದೇ.